ಪದ್ಮಿನಿ 15 ಕಿ.ಮೀ. ಓಡಿದ ಮೇಲೆ ಹಿಡಿದುಕೊಳ್ಳುತ್ತದೆ: ಡಿಫರೆನ್ಷಿಯಲ್ಲಾ, ಬ್ರೇಕಾ?

ಪ್ರಶ್ನೆ:
ನನ್ನದು 1986ರ ಪ್ರೀಮಿಯರ್ ಪದ್ಮಿನಿ, ಅಪ್ಪ ಓಡಿಸುತ್ತಿದ್ದ ಗಾಡಿ. ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಇತ್ತು. ಹೋದ ತಿಂಗಳು ಮುಂದೆ ಡಿಸ್ಕ್ ಹಾಕಿಸಿ, ಗುಜರಿಯಲ್ಲಿ ಸಿಕ್ಕ ಬೂಸ್ಟರ್ (ಪೆಡಲ್ ಒತ್ತಲು ಬಲ ಕೊಡುವ ಡಬರಿ) ಕೂರಿಸಿದೆ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವುದು) ಇನ್ನೊಂದು ಗಾಡಿಯದು. ಮೈಸೂರು ಬಿಡುವಾಗ ಬೆಣ್ಣೆ ಹಾಗೆ ಓಡುತ್ತದೆ. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ. ಒಂದು ಗಂಟೆ ನೆರಳಲ್ಲಿ ನಿಲ್ಲಿಸಿದರೆ ತಾನೇ ಬಿಡುತ್ತದೆ. ಮೆಕ್ಯಾನಿಕ್ ಹಿಂದಿನ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರ, ಅಂದರೆ ಕ್ರೌನ್ ಪಿನಿಯನ್ ಹೋಗಿದೆ, ಇಳಿಸೋಣ ಅನ್ನುತ್ತಿದ್ದಾರೆ. ಇಳಿಸಲಾ?

ಉತ್ತರ 1:
ಈಗಲೇ ಇಳಿಸಬೇಡಿ ಸಾರ್. ಕ್ರೌನ್ ಪಿನಿಯನ್ ಹೋದರೆ ಗಾಡಿ ತಣ್ಣಗಿದ್ದಾಗಲೂ ಸದ್ದು ಮಾಡುತ್ತದೆ, ನೆರಳಲ್ಲಿ ನಿಲ್ಲಿಸಿದರೆ ವಾಸಿ ಆಗಲ್ಲ. ಹಿಡಿದುಕೊಂಡಾಗ ಪಕ್ಕಕ್ಕೆ ನಿಲ್ಲಿಸಿ, ನಾಲ್ಕೂ ಚಕ್ರದ ಡಿಸ್ಕ್, ಡ್ರಮ್ಮಿನ ಮೇಲೆ ಒಂದೊಂದು ಹನಿ ನೀರು ಹಾಕಿ ನೋಡಿ, ಚುಂಯ್ ಅಂದರೆ ಅಲ್ಲೇ ಬ್ರೇಕ್ ಹಿಡಿದು ಕಾದಿದೆ. ಕೈ ಮಾತ್ರ ಇಡಬೇಡಿ. ಆಮೇಲೆ ಮನೆಯಲ್ಲಿ ಹಿಂದಿನ ಎರಡೂ ಚಕ್ರ ಎತ್ತಿ, ಮುಂದಿನದಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಹ್ಯಾಂಡ್ ಬ್ರೇಕ್ ಬಿಟ್ಟು ಒಂದನ್ನು ತಿರುಗಿಸಿ. ಇನ್ನೊಂದು ಉಲ್ಟಾ ಸಲೀಸಾಗಿ ತಿರುಗಿದರೆ ಹಿಂದೆ ಏನೂ ಜಾಮ್ ಆಗಿಲ್ಲ.

ಕೇಳಿದವರು:
ಹಿಂದೆ ಸಲೀಸಾಗಿದೆ. ಮುಂದಿನ ಎರಡು ಡಿಸ್ಕಿನ ಮೇಲೂ ನೀರು ಚುಂಯ್ ಅಂತು! ಪೆಡಲ್ ಕಲ್ಲಿನ ಹಾಗಿತ್ತು, ಅರ್ಧ ಇಂಚೂ ಇಳಿಯಲಿಲ್ಲ.

ಉತ್ತರ 2:
ಎರಡೂ ಒಟ್ಟಿಗೆ ಕಾದು ಪೆಡಲ್ಲೂ ಗಟ್ಟಿಯಾಗಿದೆ ಅಂದರೆ ನನ್ನ ಅನುಮಾನ ಬೂಸ್ಟರಿನಿಂದ ಮಾಸ್ಟರನ್ನು ಒತ್ತುವ ಪುಷ್ ರಾಡ್ ಮೇಲೆ, ಯಾಕಂದರೆ ಅದು ಒಂಚೂರು ಉದ್ದ ಆದರೂ ಮಾಸ್ಟರಿನ ಪಿಸ್ಟನ್ ಪೂರ್ತಿ ಹಿಂದೆ ಬರಲ್ಲ, ಡಬ್ಬಿಗೆ ಬ್ರೇಕ್ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಕಾದ ಆಯಿಲ್ ಹಿಗ್ಗುತ್ತದೆ, ಹೋಗಲು ಜಾಗ ಇಲ್ಲ, ಪ್ಯಾಡನ್ನೇ ಒತ್ತುತ್ತದೆ. ಡ್ರಮ್ಮಿಗೆ ಎಳೆಯುವ ಸ್ಪ್ರಿಂಗ್ ಇದೆ, ಡಿಸ್ಕಿಗೆ ಇಲ್ಲ, ಅದಕ್ಕೇ ಮುಂದೆ ಮೊದಲು ಹಿಡಿಯುವುದು. ಮತ್ತೆ ಹಿಡಿದಾಗ ಇಂಜಿನ್ ಆಫ್ ಮಾಡಿ, ಬೂಸ್ಟರಿಗೆ ಮಾಸ್ಟರ್ ಕೂರಿಸಿರುವ ಎರಡು ನಟ್ ನಾಲ್ಕೈದು ಸುತ್ತು ಸಡಿಲ ಮಾಡಿ. ಚಕ್ರ ಬಿಟ್ಟರೆ ರಾಡೇ. ಬಿಡದಿದ್ದರೆ ಮಾಸ್ಟರಿನ ಪೈಪ್ ಸಡಿಲಿಸಿ. ಆಗ ಬಿಟ್ಟರೆ ಮಾಸ್ಟರಿನ ಒಳಗೇ ತೊಂದರೆ. ಅದಕ್ಕೂ ಬಿಡದೆ ಕ್ಯಾಲಿಪರಿನ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಗಾಳಿ ತೆಗೆಯುವ ನಿಪ್ಪಲ್ ಬಿಚ್ಚಿದಾಗ ಬಿಟ್ಟರೆ ರಬ್ಬರ್ ಹೋಸ್ ಒಳಗೆ ಊದಿದೆ. ಯಾವುದಕ್ಕೂ ಬಗ್ಗದಿದ್ದರೆ ಕ್ಯಾಲಿಪರೇ ಜಾಮ್.

ಉತ್ತರ 3:
ಇನ್ನೊಂದು ಮಾತು. ಡ್ರಮ್ ಬ್ರೇಕಿನ ಹಳೇ ಮಾಸ್ಟರ್ ಆದರೆ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರಬಹುದು. ಡಿಸ್ಕಿಗೆ ಅದು ಆಗಲ್ಲ. ಯಾವ ಗಾಡಿಯದು ಅಂತ ವಿಚಾರಿಸಿ.

ಕೇಳಿದವರು:
ನಟ್ ಸಡಿಲಿಸಿದೆ. ಟಕ್ ಅಂತ ಸದ್ದು ಬಂತು, ಗಾಡಿ ತಳ್ಳಿದರೆ ಹೋಯಿತು! ರಾಡಿನ ತುದಿಗೆ ಮೇಣದ ಉಂಡೆ ಅಂಟಿಸಿ ಮಾಸ್ಟರ್ ಕೂರಿಸಿ ತೆಗೆದರೆ, ಮೇಣ ಪೂರ್ತಿ ಸವರಿ ಹೋಗಿ ಕಬ್ಬಿಣ ಕಾಣುತ್ತಿತ್ತು. ರಾಡಿನ ತುದಿಯ ಸ್ಕ್ರೂ ಒಳಗೆ ತಿರುಗಿಸಿ ಸುಮಾರು 1 ಮಿ.ಮೀ. ಸಂದು ಬಿಟ್ಟಿದ್ದೇನೆ. ಇವತ್ತು ಮಂಡ್ಯಕ್ಕೆ ಹೋಗಿ ಬಂದೆ, ಎಲ್ಲೂ ಹಿಡಿಯಲಿಲ್ಲ. ಪ್ಯಾಡ್ ಸುಟ್ಟು ಗಾಜಿನ ಹಾಗಾಗಿವೆ, ನಾಳೆ ಬದಲಿಸಿ ಆಯಿಲ್ಲೂ ಹೊಸದು ಹಾಕಿಸುತ್ತೇನೆ.