ಬ್ಯಾಚ್ ಗುಂಪಿನಲ್ಲಿ ಕೋಳಿ ಜಗಳ

ಬೋಪಣ್ಣ: (ಫಾರ್ವರ್ಡ್) ಅಂಗಡಿ ಮಾಂಸದಲ್ಲಿ ಅರ್ಧಕ್ಕರ್ಧ ವಿಷ! ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ! ಎಲ್ಲರಿಗೂ ಕಳಿಸಿ!!

ಗಣೇಶ: ಮುಂದಿನ ವಾರ ಕೈಲ್ ಪೊಳ್ದ್ ಹಬ್ಬ. ಈಗಲೇ ಇದನ್ನು ಹಾಕಬೇಕಿತ್ತಾ ಮಾರಾಯ?

ರೇವತಿ: ಪೂರ್ತಿ ಸುಳ್ಳೇನಲ್ಲ. 2011ರಲ್ಲಿ ಅಮೆರಿಕದಲ್ಲಿ ಮಾಡಿದ ಅಧ್ಯಯನ. ಐದು ನಗರಗಳ 26 ಅಂಗಡಿಗಳಿಂದ 136 ಸ್ಯಾಂಪಲ್ ತಂದಿದ್ದರು. 47% ಮಾಂಸದಲ್ಲಿ ಸ್ಟ್ಯಾಫಿಲೊಕಾಕಸ್ ಔರಿಯಸ್ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕನಿಷ್ಠ ಮೂರು ಬಗೆಯ ಆಂಟಿಬಯೋಟಿಕ್‌ಗೆ ಜಗ್ಗಲಿಲ್ಲ. ನಮ್ಮ ಗೋಣಿಕೊಪ್ಪದ ಅಂಗಡಿಗಳ ಲೆಕ್ಕ ಅದರಲ್ಲಿಲ್ಲ.

ಗಣೇಶ: ಅದೇ ಮತ್ತೆ. ನಮ್ಮ ಪಂದಿ ಕರಿ ಎಷ್ಟು ಹೊತ್ತು ಕುದಿಯುತ್ತದೆ! ಮೇಲೆ ಕಾಚಂಪುಳಿಯ ಹುಳಿ ಬೇರೆ. ಯಾವ ಬ್ಯಾಕ್ಟೀರಿಯಾ ಬದುಕುತ್ತದೆ?

ರೇವತಿ: ಕಾಚಂಪುಳಿ ಹಾಕುವುದು ಹಂದಿ ಬೆಂದ ಮೇಲೆ ಅಲ್ವಾ? ಅಷ್ಟು ಹೊತ್ತಿಗೆ ಬ್ಯಾಕ್ಟೀರಿಯಾ ಬೆಂಕಿಗೇ ಸತ್ತಿರುತ್ತದೆ. ಔಷಧಿಗೆ ಬಗ್ಗದ್ದೂ ಬಿಸಿಗೆ ಬಗ್ಗುತ್ತದೆ, ಮಾಂಸದ ಒಳಗೆ 74 ಡಿಗ್ರಿ ಮುಟ್ಟಿದರೆ ಸಾಕು. ನನಗೆ ಭಯ ನಿನ್ನ ಕತ್ತಿಯದ್ದು. ಹೋದ ವರ್ಷ ಹಸಿ ಕೋಳಿ ಕೊಚ್ಚಿದ ಮಣೆ ಮೇಲೇ ಸೌತೆಕಾಯಿ, ಈರುಳ್ಳಿ ಹೆಚ್ಚಿದೆ. ಲುಂಗಿಗೆ ಕೈ ಒರೆಸಿಕೊಂಡು ನಿಂಬೆಹಣ್ಣು ಹಿಂಡಿದೆ. ಫೋಟೋ ಇದೇ ಗುಂಪಿನಲ್ಲಿದೆ.

ಜಾನಕಿ: 😂 ಇದೆ ಇದೆ

ಬೋಪಣ್ಣ: ನಾನಂತೂ ಕೋಳಿಯನ್ನು ನಲ್ಲಿ ಕೆಳಗೆ ಚೆನ್ನಾಗಿ ತೊಳೆಯುತ್ತೇನೆ.

ರೇವತಿ: ಆ ನೀರು ಪಕ್ಕದ ತಟ್ಟೆ, ಲೋಟಕ್ಕೆಲ್ಲ ಸಿಡಿಯುತ್ತದೆ. ಅದು ಇನ್ನೂ ಕಷ್ಟ.

ಹನೀಫ್: ಸುಮ್ನೆ ಅಂಗಡಿಯವರನ್ನು ಬೈಯಬೇಡಿ. ಫಾರಂ ನಡೆಸುವವನು ನಾನು. ಮರಿ, ಫೀಡ್, ಔಷಧಿ ಎಲ್ಲ ಕಂಪನಿಯದು. ಶೆಡ್ಡು, ಕರೆಂಟು, ಕೂಲಿ ನಮ್ಮದು. ನೀರಿಗೆ ಏನು ಬೆರೆಸಬೇಕು ಅಂತ ಸೂಪರ್‌ವೈಸರ್ ಹೇಳುತ್ತಾನೆ, ನಾವು ಬೆರೆಸುತ್ತೇವೆ.

ರೇವತಿ: ಬೇರು ಅಲ್ಲೇ ಇರುವುದು ಹನೀಫ್. ಕಾಯಿಲೆ ಬಿದ್ದಾಗ ಆಂಟಿಬಯೋಟಿಕ್ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಗಟ್ಟಿಮುಟ್ಟಾಗಿರುವ ಕೋಳಿಗೂ ತೂಕ ಬರಲಿ ಅಂತ ದಿನಾ ಚೂರು ಚೂರು ಕೊಟ್ಟರೆ, ಬಡಕಲು ಬ್ಯಾಕ್ಟೀರಿಯಾ ಸಾಯುತ್ತದೆ, ಗಟ್ಟಿಯದ್ದು ಉಳಿದು ಸಂಸಾರ ಬೆಳೆಸುತ್ತದೆ. ಕೊಲಿಸ್ಟಿನ್ ಅಂತ ಒಂದಿದೆ. ಐಸಿಯುನಲ್ಲಿ ಬೇರೆ ಯಾವುದೂ ನಾಟದಾಗ ಕೊಡುವ ಔಷಧಿ. ಅದನ್ನೂ ಕೋಳಿಗೆ ಹಾಕುತ್ತಿದ್ದರು! ಹಾಗೆ ಹಾಕುವುದನ್ನು 2019ರಲ್ಲಿ ಕೇಂದ್ರ ಸರ್ಕಾರ ನಿಷೇಧ ಮಾಡಿತು.

ಗಣೇಶ: ಹಾಗಾದರೆ ನಾಟಿ ಕೋಳಿ ತರೋಣ, ಮುಗಿಯಿತು.

ಹನೀಫ್: ನಾಟಿ ಅಂತ ಮಾರುವುದೆಲ್ಲ ಹಿತ್ತಿಲಲ್ಲಿ ಮೇಯ್ದದ್ದಾ? ಎಷ್ಟೋ ಕಡೆ ರೇಟ್ ಮಾತ್ರ ನಾಟಿ.

ರೇವತಿ: ನಾಟಿ ಕೋಳಿಯ ಕರುಳಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಣೆ ಬೇರೆ ಇಡಲೇಬೇಕು.

ಜಾನಕಿ: ಎರಡು ಮಣೆ ನಾನು ತರುತ್ತೇನೆ. ಗಣೇಶ ಸಲಾಡ್ ಮುಟ್ಟುವ ಹಾಗಿಲ್ಲ.

ಗಣೇಶ: ಆಯ್ತು ತಾಯಿ. ಹಂದಿ ಯಾರು ತರುವುದು, ಅದನ್ನು ಹೇಳಿ ಮೊದಲು.