ಮನೆಯೊಳಗಿನ ಮೆಣಸಿನ ಗಿಡಕ್ಕೆ ನೀರೆಷ್ಟು, ಗೊಬ್ಬರವೆಷ್ಟು?

ಪ್ರಶ್ನೆ (ಕೋಥರೂಡ್, ಪುಣೆ): ಮೊದಲ ಬಾರಿಗೆ ಎರಡು ಮೆಣಸಿನ ಗಿಡಗಳನ್ನು ಮನೆಯೊಳಗೆ, ಎಲ್‌ಇಡಿ ದೀಪದಡಿ, ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬೆಳೆಸುತ್ತಿದ್ದೇನೆ. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಟ್ಯಾಂಕರ್ ನೀರೇ ಗತಿ. ದಿನವೂ ನೀರುಣಿಸಿ, ವಾರಕ್ಕೆರಡು ಬಾರಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ) ಗೊಬ್ಬರ ಕೊಟ್ಟರೂ ಎಲೆಗಳ ತುದಿ ಸುಟ್ಟಂತಾಗಿದೆ; ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ. ಗೊಬ್ಬರವನ್ನು ಹೆಚ್ಚಿಸಬೇಕೇ?

ಉತ್ತರ 1: ದಯವಿಟ್ಟು ಹೆಚ್ಚಿಸಬೇಡಿ. ಆ ಬಿಳಿ ಪುಡಿಯೇ ನಿಮ್ಮ ಉತ್ತರ: ಟ್ಯಾಂಕರಿನ ಗಡಸು ನೀರಿನ ಲವಣಗಳ ಮೇಲೆ ಗೊಬ್ಬರದ ಲವಣಗಳೂ ಸೇರಿ, ಬೇರು ನೀರನ್ನು ಹೀರಿಕೊಳ್ಳುವುದೇ ಕಷ್ಟವಾಗಿರಬೇಕು. ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು, ಲವಣ ಕಡಿಮೆಯಿರುವ ಒಳ್ಳೆಯ ನೀರನ್ನು ನಿಧಾನವಾಗಿ ಸುರಿಯಿರಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಬಳಿಕ ಪೊಟ್ಟಣದ ಮೇಲಿನ ಪ್ರಮಾಣದ ಅರ್ಧವನ್ನಷ್ಟೇ, ವಾರಕ್ಕೊಮ್ಮೆ ಕೊಡಿ. ದಿನಚರಿಯಂತೆ ನೀರು ಹಾಕುವುದಕ್ಕಿಂತ ಕುಂಡವನ್ನು ಎತ್ತಿ ನೋಡಿ, ಹಗುರವೆನಿಸಿದಾಗ ಹಾಕುವುದು ಮೇಲು.

ಉತ್ತರ 2: ಮೇಲಿನ ಮಾತು ಸರಿ, ಆದರೆ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮರೆಯಬಾರದು. ಕೋಕೋಪೀಟ್‌ಗೆ 5.8ರಿಂದ 6.3ರ ಆಸುಪಾಸು ಹಿತ. ಗಡಸು ನೀರಿನಲ್ಲಿ ಅದು ಏರಿದರೆ ಗೊಬ್ಬರವಿದ್ದೂ ಕಬ್ಬಿಣ ಸಿಗದೆ, ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಸಾರಜನಕದ ಕೊರತೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆಗಳು. ಇನ್ನೊಂದು, 19:19:19ರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ಕೋಕೋಪೀಟ್ ಇದ್ದಬದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದಾದರೆ ಬೇರೆ ದಿನ ಕೊಡಿ, ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕಲಸಿದರೆ ತಳದಲ್ಲಿ ಗಸಿ ಕೂರುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದ. ಇಂದು ತೊಳೆದಾಗ ಮೊದಲ ಲೋಟ ನೀರು ಚಹಾದ ಬಣ್ಣಕ್ಕಿತ್ತು.