ಅಪ್‌ಡೇಟ್: ಊಟ ಬಚ್ಚಿಡುವ, ರಾತ್ರಿ ಮಲಗದ ಮಗಳು
ಒಡಿಶಾದ ಅನಾಥಾಲಯದಿಂದ ದತ್ತು ಪಡೆದ ಎರಡು ವರ್ಷದ ಮಗಳು ಇಲ್ಲಿ ನ್ಯೂಜೆರ್ಸಿಗೆ ಬಂದ ಮೇಲೆ ರಾತ್ರಿಯಿಡೀ ಎದ್ದಿರುತ್ತಾಳೆ, ಚಪಾತಿ ತುಂಡನ್ನ ದಿಂಬಿನ ಕೆಳಗೆ ಬಚ್ಚಿಡುತ್ತಾಳೆ, ಏನು ಮಾಡೋದು ಅಂತ ಹಿಂದೆ ಸಲಹೆ ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು.

ಕೈಗೆ ಸಿಗುವ ಹಾಗೆ ತಿಂಡಿ ಡಬ್ಬಿ ಇಡಿ, ಖಾಲಿಯಾಗೋಕೆ ಬಿಡಬೇಡಿ ಅಂದವರಿಗೆ ದೊಡ್ಡ ನಮಸ್ಕಾರ. ಅಡುಗೆಮನೆಯ ಕೆಳಗಿನ ಶೆಲ್ಫಿನಲ್ಲಿ ಇಟ್ಟೆವು. ಮೊದಮೊದಲು ಗಳಿಗೆಗೊಮ್ಮೆ ಹೋಗಿ ಮುಚ್ಚಳ ತೆಗೆದು ನೋಡಿ, ಏನೂ ತಿನ್ನದೆ ಸುಮ್ನೆ ಮುಚ್ಚಿ ಬರುತ್ತಿದ್ದಳು! ಈಗ ದಿಂಬಿನ ಕೆಳಗೆ ಏನೂ ಸಿಗುತ್ತಿಲ್ಲ.

ಬೇರೆ ರೂಮಿನಲ್ಲಿ ಮಲಗಿಸಿ ಅನ್ನೋ ಸಲಹೆ ನಮಗೆ ಆಗಿಬರಲಿಲ್ಲ. ಮಕ್ಕಳ ಸಾಲಿನಲ್ಲೇ ಮಲಗಿ ಬೆಳೆದವಳಿಗೆ ಒಂಟಿ ರೂಮು ಭಯ ಆಗಲ್ವಾ? ನಮ್ಮ ಮಂಚದ ಪಕ್ಕದಲ್ಲೇ ಹಾಸಿಗೆ ಹಾಕಿ, ಫ್ಯಾನ್ ಜೋರಾಗಿ ಇಟ್ಟರೆ ಮಲಗುತ್ತಾಳೆ. ಬಂದವರೆಲ್ಲರ ತೊಡೆ ಏರುವುದು ಮಾತ್ರ ಇನ್ನೂ ನಿಂತಿಲ್ಲ, ಅದಕ್ಕೇ ಅಪ್ಪ ಅಮ್ಮ ಯಾರು ಅಂತ ಅವಳಿಗೆ ಗಟ್ಟಿಯಾಗಲಿ ಅಂತ ತಿನ್ನಿಸೋದು, ಎತ್ತಿಕೊಳ್ಳೋದು ಎಲ್ಲಾ ಸದ್ಯಕ್ಕೆ ನಾವಿಬ್ಬರೇ. ಅತ್ತೆಗೆ ಸ್ವಲ್ಪ ಬೇಜಾರು, ಏನು ಮಾಡೋದು.

ನಮಗೆ ಮೊದಲು ಗೊತ್ತಿಲ್ಲದಿದ್ದ ಒಂದು ವಿಷಯ: ನಾವು ಅಮೆರಿಕದ ಪ್ರಜೆಗಳು, ಅವಳು ಬಂದಿದ್ದು ಐಎಚ್-3 ವೀಸಾದಲ್ಲಿ (ದತ್ತು ಭಾರತದಲ್ಲೇ ಪೂರ್ತಿಯಾದ ಮಕ್ಕಳಿಗೆ ಅಮೆರಿಕ ಕೊಡುವ ವೀಸಾ). ಹಾಗಾಗಿ ಇಲ್ಲಿ ಕಾಲಿಟ್ಟಾಗಲೇ ಪೌರತ್ವ ಸಿಕ್ಕಿಯಾಗಿತ್ತು. ಪೌರತ್ವದ ಸರ್ಟಿಫಿಕೇಟು ಅರ್ಜಿ ಹಾಕದೆಯೇ ಅಂಚೆಯಲ್ಲಿ ಬಂತು.